ಬೆಲ್ಲದೊಳಗಿನ ಗುಳಿಗೆ

ಯಾರಾದರೂ ಬೆಲ್ಲದ ಚೂರು ಕೊಟ್ಟರೆ ನಾನು ಅದನ್ನು ಹಾಗೇ ಬಾಯಿಗೆ ಹಾಕಿಕೊಳ್ಳುವವಳಲ್ಲ. ಮೊದಲು ಮುರಿಯುತ್ತೇನೆ, ಒಳಗೆ ನೋಡುತ್ತೇನೆ, ಆಮೇಲೆ ತಿನ್ನುತ್ತೇನೆ. ಮೊನ್ನೆ ಸಂಕ್ರಾಂತಿಗೆ ಪಕ್ಕದ ಬೀದಿಯ ಹುಡುಗಿಯೊಬ್ಬಳು ಹೊಸ ಲಂಗ ಹಾಕಿಕೊಂಡು ಎಳ್ಳುಬೆಲ್ಲ ಕೊಡಲು ಬಂದಿದ್ದಳು. ನಾನು ಅಂಗೈ ಮೇಲೆ ಹರಡಿಕೊಂಡು ಒಂದೊಂದೇ ಬೆಲ್ಲದ ಚೂರನ್ನು ಉಗುರಿನಿಂದ ಒಡೆಯುವುದನ್ನು ನೋಡಿ, "ಏನಜ್ಜಿ, ಹುಳ ಐತಾ?" ಅಂದಳು. "ಇಲ್ಲಮ್ಮ, ಗುಳಿಗೆ ಐತೇನೋ ಅಂತ ನೋಡ್ದೆ" ಅಂದೆ. ಹುಡುಗಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬಟ್ಟಲು ಎತ್ತಿಕೊಂಡು ಓಡಿದಳು. ಮನೆಗೆ ಹೋಗಿ ಏನು ಹೇಳಿರುತ್ತಾಳೋ ಏನೋ.

ನಿಮಗೂ ಹಾಗೇ ಅನ್ನಿಸಬಾರದು ನೋಡಿ, ಅದಕ್ಕೇ ಹೇಳುತ್ತೇನೆ.

ನಾನು ಹುಟ್ಟಾ ಅನುಮಾನದವಳು. ಚಳ್ಳಕೆರೆಯ ಪ್ರೈಮರಿ ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದೆ. ಯಾವ ಮಗುವಾದರೂ ಸ್ಲೇಟಿನಲ್ಲಿ ಎಲ್ಲ ಲೆಕ್ಕ ಸರಿ ಮಾಡಿ ತಂದರೆ, ಶಭಾಷ್ ಅನ್ನುವ ಮೊದಲು ಪಕ್ಕದ ಮಗುವಿನ ಸ್ಲೇಟು ನೋಡುತ್ತಿದ್ದೆ. ನಮ್ಮ ಯಜಮಾನರು ಹೆಣ್ಣು ನೋಡಲು ಬಂದ ದಿನ ಗಡಿಬಿಡಿಯಲ್ಲಿ ಉಪ್ಪಿಟ್ಟಿಗೆ ಉಪ್ಪೇ ಹಾಕಿರಲಿಲ್ಲ. ಆ ಮನುಷ್ಯ ತಟ್ಟೆ ಖಾಲಿ ಮಾಡಿ "ಭಾಳ ಚೆನ್ನಾಗೈತೆ" ಅಂದರು. ಆವತ್ತಿನಿಂದ ಅವರ ಯಾವ ಮಾತನ್ನೂ ನಾನು ಪೂರ್ತಿ ನಂಬಿದ್ದಿಲ್ಲ.

ಇಷ್ಟೆಲ್ಲ ಅನುಮಾನದವಳು, ಅನುಮಾನ ಪಡಲೇಬೇಕಾದ ಒಂದು ವಿಷಯದಲ್ಲಿ ಮಾತ್ರ ಮಂಕಾಗಿ ಕೂತಿದ್ದೆ. ಎಡ ಎದೆಯಲ್ಲಿ ಒಂದು ಗಂಟು. ಒತ್ತಿದರೆ ನೋವಿಲ್ಲ, ಗೀವಿಲ್ಲ. ನೋವಿಲ್ಲದ್ದು ಏನು ಮಾಡೀತು ಅಂತ ಎಂಟು ತಿಂಗಳು ಸುಮ್ಮನಿದ್ದೆ. ನನಗೆ ಆಗ ನಲವತ್ತೆರಡು. ಆಮೇಲೆ ಬೆಂಗಳೂರಿನ ದೊಡ್ಡಾಸ್ಪತ್ರೆ, ಆಪರೇಷನ್ನು, ಕರೆಂಟು ಅಂತಾರಲ್ಲ ಆ ರೇಡಿಯೇಷನ್ನು, ಎಲ್ಲ ಆಯಿತು. ಆ ಕಥೆ ಬೇಡ. ಕಡೆಗೆ ಡಾಕ್ಟರು ಒಂದು ಚೀಟಿ ಬರೆದು, "ದಿನಾ ಒಂದು ಮಾತ್ರೆ. ಐದು ವರ್ಷ. ಒಂದು ದಿನವೂ ತಪ್ಪಿಸಬಾರದು" ಅಂದರು. ಐದು ವರ್ಷ ಅಂದರೆ ಒಬ್ಬ ಎಮ್ಮೆಲ್ಲೆ ಗೆದ್ದು, ಊರು ಮರೆತು, ಮತ್ತೆ ಕೈಮುಗಿದುಕೊಂಡು ಬರುವಷ್ಟು ಕಾಲ.

ಮಾತ್ರೆಯ ಹೆಸರು ಟ್ಯಾಮಾಕ್ಸಿಫೆನ್. ಅಷ್ಟು ದೊಡ್ಡ ಹೆಸರಿನ ಮಾತ್ರೆ ನೋಡಿದರೆ ತೊಗರಿಬೇಳೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹೆಣ್ಣಿನ ಮೈಯೊಳಗಿನ ಹಾರ್ಮೋನನ್ನೇ ಮೇವು ಮಾಡಿಕೊಂಡು ಬೆಳೆಯುವ ರೋಗ ಇದು, ಈ ಮಾತ್ರೆ ಆ ಮೇವು ಅದಕ್ಕೆ ಸಿಗದ ಹಾಗೆ ನೋಡಿಕೊಳ್ಳುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ಒಳಗೊಳಗೇ, ಇಷ್ಟು ಚಿಕ್ಕದು ಅಷ್ಟು ದೊಡ್ಡದನ್ನು ಕಾಯುತ್ತದೆಯೇ ಅಂತ ಅನುಮಾನ ಶುರುವಾಯಿತು.

ನನ್ನನ್ನು ನೋಡಿಕೊಳ್ಳಲು ಅವ್ವ ಬಂದಳು. ಅವ್ವನ ಊರು ಮೊಳಕಾಲ್ಮೂರಿನಾಚೆ, ಕೂಗಿದರೆ ಆಂಧ್ರದವರಿಗೆ ಕೇಳುವಷ್ಟು ಗಡಿಗೆ ಹತ್ತಿರದ ಒಂದು ಹಟ್ಟಿ. ದನ, ಕುರಿ ನಂಬಿ ಬದುಕಿದ ಮನೆ. ಅವ್ವನಿಗೆ ಆಗ ಎಪ್ಪತ್ತರ ಹತ್ತಿರ. ಬಸ್ಸಿಳಿದವಳ ಬಗಲಲ್ಲಿ ಒಂದು ಕಂಬಳಿ, ತಲೆ ಮೇಲೆ ಒಂದು ಬಿದಿರು ಪುಟ್ಟಿ. ಆ ಪುಟ್ಟಿಯಲ್ಲಿ ಮನೆದೇವರ ಭಂಡಾರದ ಅರಿಶಿನಪುಡಿ, ಹಳದಿ ಬಟ್ಟೆ, ಇನ್ನೂ ಏನೇನೋ. ನಾವು ಯಾರೂ ಅದನ್ನು ಮುಟ್ಟುವಂತಿಲ್ಲ. ಬಂದವಳೇ ನನ್ನ ಗಲ್ಲ ಹಿಡಿದು, "ನಾ ತಲ್ಲಿ, ಎಂಗಾಗಿಬಿಟ್ಟೀಯೇ" ಅಂತ ತೆಲುಗು ಕನ್ನಡ ಎರಡರಲ್ಲೂ ಅತ್ತು, ಕಣ್ಣೊರೆಸಿಕೊಂಡು ನೇರ ಅಡಿಗೆಮನೆಗೆ ಹೋದಳು.

ತಿಂಗಳೊಪ್ಪತ್ತಿನಲ್ಲಿ ಮಾತ್ರೆ ತನ್ನ ಆಟ ಶುರುಮಾಡಿತು. ಹೊಟ್ಟೆಯಲ್ಲಿ ಒಂದು ಬಿಸಿ ಎದ್ದು, ಎದೆ, ಕುತ್ತಿಗೆ, ಕಿವಿ ಅಂತ ಮೇಲೇರಿ ನೆತ್ತಿಗೆ ಹೋಗಿ ಕೂರುತ್ತಿತ್ತು. ಮರುಗಳಿಗೆ ಬೆವರು, ಅದರ ಮರುಗಳಿಗೆ ಚಳಿ. ಮೊದಲೇ ಚಳ್ಳಕೆರೆ. ನಮ್ಮೂರಲ್ಲಿ ಏಪ್ರಿಲ್ ತಿಂಗಳಲ್ಲಿ ಯಾವ ಬಿಸಿ ಒಳಗಿನದು, ಯಾವುದು ಹೊರಗಿನದು ಅಂತ ಬೇರ್ಪಡಿಸಲು ದೇವರೇ ಬರಬೇಕು. ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಾ ಬರೆಯುತ್ತಾ ಮುಖ ಕೆಂಡವಾಗಿ ತಿರುಗಿದರೆ, ಟೀಚರ್‌ಗೆ ಸಿಟ್ಟು ಬಂದೈತೆ ಅಂತ ಇಡೀ ಮೂರನೇ ಕ್ಲಾಸು ಗಪ್‌ಚುಪ್. ಆ ವರ್ಷ ನನ್ನ ಕ್ಲಾಸಿನಷ್ಟು ಶಿಸ್ತು ಇಡೀ ಶಾಲೆಯಲ್ಲಿ ಇರಲಿಲ್ಲ ಅಂತ ಹೆಡ್ಮಾಸ್ತರು ಹೊಗಳಿದ್ದೂ ಉಂಟು.

ಅಷ್ಟಕ್ಕೇ ನಿಲ್ಲಲಿಲ್ಲ. ಮುಟ್ಟು ನಿಂತಿತು. ಬೆಳಿಗ್ಗೆ ಎದ್ದರೆ ಕೀಲುಗಳೆಲ್ಲ ತುಕ್ಕು ಹಿಡಿದ ಚಿಲಕದ ಹಾಗೆ ಕಿರ್ ಅನ್ನುತ್ತಿದ್ದವು. ಮೈ ಊದಿತು. ಮದುವೆಗೆ ಕೊಂಡಿದ್ದ ಮೊಳಕಾಲ್ಮೂರು ರೇಷ್ಮೆ ಸೀರೆ ಇತ್ತಲ್ಲ, ಅದರ ಕುಪ್ಪಸದೊಳಗೆ ಒಂದು ತೋಳೂ ಹೋಗಲಿಲ್ಲ. ನಾನು ಟೈಲರ್ ಮೇಲೆ ಅನುಮಾನ ಪಟ್ಟೆ. ಹದಿನೆಂಟು ವರ್ಷದ ಹಿಂದೆ ಹೊಲಿದ ಕುಪ್ಪಸಕ್ಕೆ ಈಗ ಹೋಗಿ ಜಗಳ ಮಾಡಿದರೆ ಆ ಸಾಬರು ಪಾಪ ಏನು ಹೇಳಿಯಾರು? "ಬಟ್ಟೆ ಅಲ್ಲೇ ಐತೆ ಅಮ್ಮಾ, ಉಮರ್ ಬೆಳೆದೈತೆ" ಅಂದು ನಕ್ಕರು.

ದಪ್ಪ ಆಗಬಾರದು, ದಿನಾ ಮುಕ್ಕಾಲು ಗಂಟೆ ನಡೆಯಬೇಕು, ಎಣ್ಣೆ ಕಡಿಮೆ ಮಾಡಬೇಕು, ಇದು ಡಾಕ್ಟರ ಅಪ್ಪಣೆ. ಎಣ್ಣೆ ಕಡಿಮೆ ಮಾಡಲು ಹೇಳಿದ್ದು ಯಾರಿಗೆ? ಎಣ್ಣೆ ಮಿಲ್ಲುಗಳ ಊರಿನಲ್ಲಿ, ಎಣ್ಣೆ ಮಿಲ್ಲಿನ ಗುಮಾಸ್ತರ ಹೆಂಡತಿಗೆ! ನಮ್ಮ ಮನೆಯ ಗಾಳಿಯಲ್ಲೇ ಕಡ್ಲೆಕಾಯಿ ಎಣ್ಣೆ ಇತ್ತು. ಉಸಿರಾಡಿದರೂ ದಪ್ಪ ಆಗುತ್ತೇನೆ ಅನ್ನುವ ಅನುಮಾನ ನನಗೆ.

ಇನ್ನು ನಡೆಯುವುದು. ಆ ಕಾಲದ ಚಳ್ಳಕೆರೆಯಲ್ಲಿ ಒಬ್ಬ ಹೆಂಗಸು ಎಲ್ಲಿಗೂ ಹೋಗದೆ ಸುಮ್ಮನೆ ನಡೆದಳು ಅಂದರೆ ಅದು ಸುದ್ದಿ. ಮೊದಲ ದಿನವೇ ಪಾವಗಡ ರಸ್ತೆಯಲ್ಲಿ ನಾಲ್ಕು ಜನ ನಿಲ್ಲಿಸಿ "ಎಲ್ಲಿಗೆ ಹೊಂಟ್ರಿ ಟೀಚರಮ್ಮ?" ಅಂದರು. "ಎಲ್ಲಿಗೂ ಇಲ್ಲ" ಅಂದದ್ದೇ ತಪ್ಪಾಯಿತು. ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಗಂಗಮ್ಮ ಬಂದು, "ಮನೇಲಿ ಏನಾರ ಜಗಳಾನೇನ್ರಿ? ಬೆಳಗಿಂಜಾವಕ್ಕೇ ಮನೆ ಬಿಟ್ಟು ಹೊಂಟಿದ್ರಂತೆ" ಅಂತ ಕೇಳಿದಳು. ಮಾರನೆಯ ದಿನದಿಂದ ಕೈಯಲ್ಲಿ ಒಂದು ಖಾಲಿ ಸೀಮೆಣ್ಣೆ ಡಬ್ಬಿ ಹಿಡಿದುಕೊಂಡು ನಡೆಯತೊಡಗಿದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಆದರೆ ಟೀಚರಮ್ಮನ ಮನೆಗೆ ದಿನಾ ಸೀಮೆಣ್ಣೆ ಹೇಗೆ ಸಿಗುತ್ತದೆ ಅಂತ ಊರಿಗೆ ಅನುಮಾನ ಬಂತು.

ಇರಲಿ, ಬೆಲ್ಲಕ್ಕೆ ಬರುತ್ತೇನೆ. ಮಾತ್ರೆ ಕಂಡರೆ ನನಗೆ ಹೊಟ್ಟೆ ತೊಳೆಸುತ್ತಿತ್ತು. ಒಂದು ಸಂಜೆ ನುಂಗಲು ಹೋಗಿ ವಾಂತಿ ಮಾಡಿಕೊಂಡೆ. ಅವ್ವ ನೋಡಿದಳು. "ಅದ್ರ ಮುಖ ಯಾಕೆ ನೋಡ್ತೀಯ? ಕುರಿಗೆ ಔಷ್ದಿ ತಿನ್ಸಾದು ಎಂಗೆ, ಅಂಗೇ ನಾನು ತಿನ್ಸ್ತೀನಿ" ಅಂದಳು. ಅಂದಿನಿಂದ ಮಾತ್ರೆಗಳು ಅವಳ ವಶಕ್ಕೆ ಹೋದವು. ನಮ್ಮ ಯಜಮಾನರು ತಿಂಗಳ ಮೊದಲಿಗೆ ಚಿತ್ರದುರ್ಗದಿಂದ ಹತ್ತು ಹತ್ತು ಮಾತ್ರೆಯ ಮೂರು ಶೀಟು ತಂದು ಅತ್ತೆಯ ಕೈಗೆ ಕೊಡುವುದು. ಅವಳು ದಿನಾ ಸಂಜೆ ಬೆಲ್ಲ ಕುಟ್ಟಿ, ಮಾತ್ರೆಯನ್ನು ಒಳಗಿಟ್ಟು ಗೋಲಿಯ ಹಾಗೆ ಉಂಡೆ ಮಾಡುವುದು. ನಾನು, ನಲವತ್ತೆರಡು ವರ್ಷದ ಸರ್ಕಾರಿ ಶಾಲೆಯ ಶಿಕ್ಷಕಿ, ಕಣ್ಣು ಮುಚ್ಚಿ ಆ ಅಂತ ಬಾಯಿ ತೆಗೆಯುವುದು. ಉಂಡೆ ಒಳಗೆ, ಮೇಲೊಂದು ಲೋಟ ಮಜ್ಜಿಗೆ. ಮುಗಿಯಿತು.

ನಾನು ಲೆಕ್ಕದವಳಲ್ಲವೇ? ದಿನಕ್ಕೆ ಎಷ್ಟು ಸಲ ಆ ಬಿಸಿ ಏರಿತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಮನೆಯೊಳಗೆ ಚುಕ್ಕೆ ಇಡುತ್ತಿದ್ದೆ. ಒಂದು ದಿನ ಯಜಮಾನರು ಅದನ್ನು ನೋಡಿ ಗಾಬರಿಯಾಗಿ, "ಏನೇ ಇದು, ಬುಧವಾರ ಒಂಬತ್ತು ಲೀಟರ್ ಹಾಲು ತಗಂಡೀಯಾ?" ಅಂದರು. ಒಂದೆರಡು ತಿಂಗಳು ಕಳೆದ ಮೇಲೆ ಒಂದು ವಿಚಿತ್ರ ಕಂಡಿತು. ತಿಂಗಳ ಮೊದಲ ಇಪ್ಪತ್ತು ದಿನ ದಿನಕ್ಕೆ ಎಂಟು, ಒಂಬತ್ತು ಚುಕ್ಕೆ. ಕೊನೆಯ ಹತ್ತು ದಿನ ನಾಲ್ಕು, ಮೂರು. ಮುಂದಿನ ತಿಂಗಳೂ ಹಾಗೇ. ಅದರ ಮುಂದಿನದೂ ಹಾಗೇ.

ಬೇರೆಯವರಾಗಿದ್ದರೆ ಸದ್ಯ ಹತ್ತು ದಿನವಾದರೂ ತಣ್ಣಗಿದೆಯಲ್ಲ ಅಂತ ಸುಮ್ಮನಿರುತ್ತಿದ್ದರು. ನನಗೆ ಸುಖ ಬಂದರೇ ಅನುಮಾನ ಜಾಸ್ತಿ. ಮೊದಲು ಔಷಧಿ ಅಂಗಡಿಯವನ ಮೇಲೆ ಅನುಮಾನ ಪಟ್ಟೆ. ಮೂರನೇ ಶೀಟು ಡೂಪ್ಲಿಕೇಟ್ ಕೊಡುತ್ತಿರಬಹುದೇ? ಅನ್ಯಾಯವಾಗಿ ಆ ಮನುಷ್ಯನ ಮೇಲೆ ಎರಡು ವಾರ ಹಲ್ಲು ಕಡಿದೆ. ಆಮೇಲೆ ಗಂಡನ ಮೇಲೆ ಹೋಯಿತು. ಇವರು ಯಾಕೆ ಈಚೆಗೆ ತಲೆಗೆ ಬಣ್ಣ ಹಚ್ಚುತ್ತಿದ್ದಾರೆ? ನಾನು ಸತ್ತರೆ ಅಂತ ಏನಾದರೂ ಯೋಚನೆ ಇದೆಯೇ? ಕೇಳಿಯೂ ಬಿಟ್ಟೆ. ಅವರು ಬಣ್ಣದ ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡೇ, "ಲೇ, ಒಬ್ಳನ್ನೇ ಸಂಭಾಳ್ಸಕ್ಕೆ ಆಗ್ತಾ ಇಲ್ಲ, ಇನ್ನೊಬ್ಳನ್ನ ತಂದು ಎಲ್ಲಿ ಇಕ್ಕಲಿ?" ಅಂದರು. ಅದನ್ನೂ ನಂಬಲಿಲ್ಲ.

ಗಂಗಮ್ಮನ ಹತ್ತಿರ ಚುಕ್ಕೆಯ ವಿಷಯ ಹೇಳಿದೆ. ಅವಳು ಗೋಡೆಗೆ ಕಿವಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ನಿಮ್ಮವ್ವಾರು ಬೆಲ್ಲದಾಗೆ ಬೇರು ಗೀರು ಏನೋ ಹಾಕ್ತಾರೆ ಕಣ್ರೀ. ಹಟ್ಟಿ ಕಡೆಯೋರಿಗೆ ಅವೆಲ್ಲ ಗೊತ್ತಿರ್ತಾವೆ" ಅಂದಳು. ಚುರುಕ್ ಅಂದಿತು. ನಾಟಿ ಔಷಧ ಬೆರೆಸಬೇಡಿ ಅಂತ ಡಾಕ್ಟರು ಬಾರಿ ಬಾರಿ ಹೇಳಿದ್ದರು. ನೆನೆಸಿಕೊಂಡರೆ, ನಾನು ದೇವರ ಗೂಡಿನ ಹತ್ತಿರ ಹೋದಾಗಲೆಲ್ಲ ಅವ್ವ ಆ ಬಿದಿರು ಪುಟ್ಟಿಯ ಮೇಲೆ ಸೆರಗು ಹಾಕುತ್ತಿದ್ದಳು. ಬೇರು ಅಲ್ಲೇ ಇದೆ ಅಂತ ನಿಶ್ಚಯ ಮಾಡಿಕೊಂಡೆ.

ಆ ತಿಂಗಳ ಮೂವತ್ತನೇ ತಾರೀಕು, ಸಂಜೆ. ಅವ್ವ ಉಂಡೆ ತಂದಳು. ನಾನು ಎಂದಿನಂತೆ ಕಣ್ಣು ಮುಚ್ಚಿ ಬಾಯಿ ತೆಗೆದೆ. ಬೆಲ್ಲ ನಾಲಗೆಗೆ ಬಿದ್ದದ್ದೇ ಕಣ್ಣು ಬಿಟ್ಟು, ಅದನ್ನು ಅಂಗೈಗೆ ಉಗುಳಿ ಎರಡು ಹೋಳು ಮಾಡಿದೆ. ಬೇರಿಲ್ಲ. ಪುಡಿ ಇಲ್ಲ. ಮತ್ತೆ ಎರಡು ಹೋಳು ಮಾಡಿದೆ. ಮಾತ್ರೆಯೂ ಇಲ್ಲ. ಬರೀ ಬೆಲ್ಲ.

"ಅವ್ವಾ, ಮಾತ್ರೆ ಎಲ್ಲಿ?"

ಅವ್ವ ಮಜ್ಜಿಗೆ ಲೋಟ ಹಿಡಿದುಕೊಂಡು ನಿಂತೇ ಇದ್ದಳು. "ಐತೆ" ಅಂದಳು.

"ಎಲ್ಲೈತೆ?"

ಅವಳ ಕಣ್ಣು ಪುಟ್ಟಿಯ ಕಡೆ ಹೋಗಿ ಬಂತು. ನಾನು ಹುಟ್ಟಿದಾಗಿನಿಂದ ಮುಟ್ಟದ ಆ ಪುಟ್ಟಿಗೆ ಕೈ ಹಾಕಿದೆ. ಹಳದಿ ಬಟ್ಟೆಯ ಗಂಟಿನೊಳಗೆ, ಭಂಡಾರ ಮೆತ್ತಿಕೊಂಡು, ನಾಲ್ಕು ಶೀಟು ಮಾತ್ರೆ. ಒಂದನ್ನೂ ಒಡೆದಿರಲಿಲ್ಲ. ನಲವತ್ತು ದಿನ!

ಒಂದು ದಿನವೂ ತಪ್ಪಿಸಬಾರದು ಅಂದಿದ್ದರು. ನಲವತ್ತು ದಿನ ಆ ರೋಗ ನನ್ನೊಳಗೆ ಎಲ್ಲೆಲ್ಲಿ ಮೇದಿರಬಹುದು ಅಂತ ಯೋಚನೆ ಬಂತು. ಆಗ ಬಾಯಿಂದ ಬಂದ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ. "ನನ್ನ ಸಾಯ್ಸಕ್ಕೆ ಬಂದೀಯೇನೇ ಇಲ್ಲಿಗೆ?" ಅಂದುಬಿಟ್ಟೆ.

ಅವ್ವ ಲೋಟವನ್ನು ನೆಲಕ್ಕಿಟ್ಟು ಅಲ್ಲೇ ಕುಕ್ಕರಿಸಿದಳು. "ಬಿಡ್ತು ಅನ್ನು" ಅಂದಳು. ಆಮೇಲೆ ಮೆಲ್ಲಗೆ, "ಮೀಸಲು ಕಣವ್ವಾ" ಅಂದಳು.

ನಮ್ಮ ಹಟ್ಟಿಯಲ್ಲಿ ಹೊಸದು ಯಾವುದೇ ಬಂದರೂ ಮೊದಲಿನದು ದೇವರಿಗೆ. ಹಸು ಈದರೆ, ಆ ಹಾಲು ದೇವರಿಗೆ ಸಲ್ಲುವ ತನಕ ಮನೆಯವರು ಬಾಯಿಗಿಡುವಂತಿಲ್ಲ. ಕಡೆದ ಮೊದಲ ಬೆಣ್ಣೆಯೂ ದೇವರ ದೀಪಕ್ಕೆ. ಅದಕ್ಕೆ ಮೀಸಲು ಅನ್ನುತ್ತಾರೆ. ಐದಾರು ವರ್ಷದವಳಿದ್ದಾಗ ಮೀಸಲು ಗಡಿಗೆಯ ಬೆಣ್ಣೆಯನ್ನು ಬೆರಳಲ್ಲಿ ನೆಕ್ಕಿದ್ದಕ್ಕೆ ಅವ್ವ ನನಗೆ ಬಾಸುಂಡೆ ಬರುವ ಹಾಗೆ ಹೊಡೆದಿದ್ದಳು. ಬೇರೆ ಯಾವುದಕ್ಕೂ ಅವಳು ನನ್ನ ಮೇಲೆ ಕೈ ಎತ್ತಿದವಳಲ್ಲ. ಈಗ ತಿಂಗಳು ತಿಂಗಳೂ ಹೊಸ ಮಾತ್ರೆ ಬರುತ್ತಿತ್ತು. ಮೊದಲ ಶೀಟು ಪುಟ್ಟಿಗೆ ಹೋಗುತ್ತಿತ್ತು. ಉಳಿದ ಎರಡು ಇಪ್ಪತ್ತು ದಿನಕ್ಕೆ ಮುಗಿದರೆ ಆಮೇಲೆ ಬರೀ ಬೆಲ್ಲ.

"ದೇವ್ರಿಗೆ ಗುಳಿಗೆ ಯಾಕವ್ವಾ? ದೇವ್ರಿಗೇನು ರೋಗಾನಾ?"

"ನಿಂಗೆ ನಗು ಅದು. ದೇವ್ರ ಪಾಲು ತಿಂದಿದ್ದು ಮೈಗೆ ಹತ್ತಲ್ಲ ಕಣೇ. ಉಳಿದ ಇಪ್ಪತ್ತಾದ್ರೂ ನಿನ್ನ ಕಾಯ್ಲಿ ಅಂತ ಮಡಗ್ದೆ. ಹೇಳಿದ್ರೆ ನೀನು ಒಪ್ತಿದ್ಯಾ? ಓದ್ದೋಳು."

"ಓದಿದ್ದಕ್ಕೇ ಇನ್ನೂ ಜೀವ ಐತೆ! ನಿನ್ನ ಮೀಸಲು ನಂಬ್ಕೊಂಡಿದ್ರೆ..." ಅಂತ ಇನ್ನೇನೋ ಕೂಗಾಡುತ್ತಿದ್ದೆ. ಅವ್ವ ತಲೆ ಎತ್ತಲೇ ಇಲ್ಲ. ನನ್ನ ಉಸಿರು ಮುಗಿಯುವವರೆಗೆ ಕಾದು, ನೆಲಕ್ಕೇ ಹೇಳಿದಳು:

"ನಾನು ಒಂದು ಸಲ ಮೀಸಲು ಮುರ್ದೀನಿ. ನಿಮ್ಮಕ್ಕ ಅದಕ್ಕೇ ಹೋಗಿದ್ದು."

ಮುಂದಿನದನ್ನು ಹೇಳುವ ಮೊದಲು ನಿಮ್ಮನ್ನು ಒಂದು ಆತಂಕದಿಂದ ಬಿಡಿಸಿಬಿಡುತ್ತೇನೆ. ಆ ವಾರವೇ ಡಾಕ್ಟರ ಹತ್ತಿರ ಹೋದೆ. ಚೆನ್ನಾಗಿ ಬೈಸಿಕೊಂಡೆ. ಮೈಯೆಲ್ಲ ನೋಡಿದರು, ಪರೀಕ್ಷೆ ಮಾಡಿಸಿದರು, ಏನೂ ಇರಲಿಲ್ಲ. ಇನ್ನು ತಪ್ಪಿಸದೆ ತಗೊಳ್ಳಿ ಅಂದರು. ಐದು ವರ್ಷ ತಗೊಂಡೆ. ನಿಮ್ಮೆದುರು ಕೂತು ಬೆಲ್ಲ ಮುರಿಯುತ್ತಿದ್ದೇನೆ ಅಂದ ಮೇಲೆ ಇದ್ದೇನೆ ಅಂತ ನಿಮಗೂ ಗೊತ್ತು. ಚುಕ್ಕೆಯ ಲೆಕ್ಕ ಹೇಳಿದಾಗ ಮಾತ್ರ ಡಾಕ್ಟರು ತಲೆ ಕೆರೆದುಕೊಂಡರು. "ಮಾತ್ರೆ ನಿಲ್ಲಿಸಿದ ತಕ್ಷಣ ಅಷ್ಟು ಬೇಗ ಕಾವು ಇಳಿಯೋದು ಅನುಮಾನ. ಬಹಳ ದಿನ ಮೈಯಲ್ಲಿ ಇರುತ್ತೆ ಅದು" ಅಂದರು. ಅಂದರೆ ನಾನು ತಪ್ಪು ಲೆಕ್ಕ ಮಾಡಿ ಸರಿ ಉತ್ತರ ಬರೆದಿದ್ದೆ. ನನ್ನ ಕ್ಲಾಸಿನಲ್ಲಿ ಯಾವ ಮಗುವಾದರೂ ಹಾಗೆ ಮಾಡಿದ್ದರೆ ಸೊನ್ನೆ ಕೊಡುತ್ತಿದ್ದೆ.

ಅಕ್ಕನ ವಿಷಯ ನನಗೆ ಗೊತ್ತಿದ್ದದ್ದು ಇಷ್ಟೇ: ನನಗಿಂತ ಮೊದಲು ಒಂದು ಹೆಣ್ಣು ಕೂಸಿತ್ತು, ಹೆಸರು ಬೋರಮ್ಮ, ಮೂರು ವರ್ಷದ್ದಿದ್ದಾಗ ಜ್ವರ ಬಂದು ಮೂರನೇ ದಿನಕ್ಕೆ ತೀರಿಕೊಂಡಿತು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಆ ಸಂಜೆ ಅವ್ವ ಎತ್ತಿದಳು.

"ಹಸು ಈದಿತ್ತು. ದೇವ್ರಿಗೆ ಇನ್ನೂ ಹಾಲು ಸಂದಿರ್ಲಿಲ್ಲ. ಕೂಸಿಗೆ ಜ್ವರ, ಮೈ ಮುಟ್ಟಕ್ಕಾಗ್ತಿರ್ಲಿಲ್ಲ. ಗಂಜಿ ಕೊಟ್ರೆ ಉಗುಳ್ತಿತ್ತು. ಹಾಲು, ಹಾಲು, ಅದೊಂದೇ ಬಾಯಾಗೆ. ಯಾರೂ ಇರ್ಲಿಲ್ಲ ಕಣೇ ಮನೇಲಿ. ಗಡಿಗೆಯಿಂದ ಒಂದು ಲೋಟ ತಗ್ದು ಕುಡಿಸಿಬಿಟ್ಟೆ. ಗಟಗಟ ಕುಡೀತು. ಮೂರನೇ ದಿನಕ್ಕೆ ಹೋಯ್ತು."

"ಅಪ್ಪನಿಗೆ ಗೊತ್ತಿತ್ತಾ?"

"ಯಾರಿಗೂ ಹೇಳಿಲ್ಲ. ನಿಂಗೇ ಮೊದ್ಲು."

ನಲವತ್ತೈದು ವರ್ಷ! ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವ್ವನ ಪಕ್ಕ ನೆಲದ ಮೇಲೆ ಕೂತೆ. ಸಂಕಟ ಆಯಿತು. ನನ್ನನ್ನು ಉಳಿಸಿಕೊಳ್ಳಲು ಈ ಮುದುಕಿ ತಿಂಗಳು ತಿಂಗಳೂ ನನ್ನ ಔಷಧವನ್ನೇ ತೆಗೆದಿಡುತ್ತಿದ್ದಳು. ಬೈದರೆ ಒಂದು ತಿಂಗಳು ನಿಲ್ಲಿಸಿಯಾಳು. ಆಮೇಲೆ ಭಯ ಮತ್ತೆ ಬರುತ್ತದೆ. ನಾನು ಕೈಗೆ ತಗೊಂಡರೆ ಮಾತ್ರೆಯೇನೋ ನನ್ನ ಹೊಟ್ಟೆಗೆ ಸೇರುತ್ತದೆ, ಆದರೆ ಪ್ರತಿ ಮಾತ್ರೆಗೂ ಇವಳು ಮಗಳು ದೇವರ ಪಾಲು ತಿಂದಳು ಅಂತ ಐದು ವರ್ಷ ನಡುಗುತ್ತಾಳೆ.

"ಅವ್ವಾ, ಅಕ್ಕ ಸತ್ತಿದ್ದು ಜ್ವರಕ್ಕೆ. ಹಾಲಿಗಲ್ಲ" ಅಂದೆ.

"ನಿಂಗೆಂಗೆ ಗೊತ್ತು?"

ಅನುಮಾನ ನನಗೆ ಎಲ್ಲಿಂದ ಬಂತು ಅಂತ ಆಗ ತಿಳಿಯಿತು. ಆ ಕಣ್ಣಿನೆದುರು ಅರ್ಧಂಬರ್ಧ ಮಾತು ನಡೆಯುವುದಿಲ್ಲ.

"ಬೆಂಗಳೂರಾಗೆ ಡಾಕ್ಟರನ್ನ ಕೇಳಿದ್ದೆ. ನಮ್ಮನೇಲಿ ಹಿಂದೆ ಯಾರ್‍ಯಾರು ಹೆಂಗೆ ಸತ್ರು ಅಂತ ಎಲ್ಲಾ ಬರ್ಕೊಂಡ್ರಲ್ಲ, ಆಗ. ಅಂಥಾ ಜ್ವರ ಬಂದ ಕೂಸು ಅವತ್ತೇ ಹೋಗ್ಬೇಕಿತ್ತಂತೆ. ಹೊಟ್ಟೇಗೆ ಏನೋ ಬಿದ್ದಿರ್ಬೇಕು, ಅದಕ್ಕೇ ಮೂರು ದಿನ ತಡ್ಕೊಂಡೈತೆ ಅಂದ್ರು."

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲಿಲ್ಲ. ಅಕ್ಕ ಯಾವುದರಿಂದ ಸತ್ತಳೋ ನನಗೇನು ಗೊತ್ತು, ನಾನಾಗ ಹುಟ್ಟಿರಲೇ ಇಲ್ಲ. ಅವ್ವ ನನ್ನ ಮುಖದಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದಳು. "ನನ್ನ ತಲೆ ಮುಟ್ಟಿ ಹೇಳು" ಅಂದಳು. ನಾನು ಅವಳ ನರೆತ ತಲೆಯ ಮೇಲೆ ಕೈ ಇಟ್ಟು ಹೇಳಿದೆ.

ಅವ್ವ ಒಂದು ಶೀಟು ಎತ್ತಿಕೊಂಡಳು. ಭಂಡಾರ ಒರೆಸಿದಳು. ಮೊದಲ ಮಾತ್ರೆಯನ್ನು ಹೆಬ್ಬೆರಳಿನಿಂದ ಒತ್ತಿ ತೆಗೆದು, ಬೆಲ್ಲವಿಲ್ಲದೆ ಬರಿದಾಗಿಯೇ ನನ್ನ ಅಂಗೈಗಿಟ್ಟಳು. ನಾನು ಅದನ್ನು ಬಾಯಿಗೆ ಹಾಕಿಕೊಂಡು ಮಜ್ಜಿಗೆ ಕುಡಿಯುತ್ತಿದ್ದಾಗ ಅವಳು ನನ್ನ ಮೊಣಕಾಲು ಹಿಡಿದುಕೊಂಡು ಕೇಳಿದಳು.

"ಮೂರು ದಿನ ಜಾಸ್ತಿ ಇತ್ತಾ ನನ್ ಕೂಸು, ಆ ಹಾಲಿಂದ?"

"ಹೂಂ ಅವ್ವಾ" ಅಂದೆ. "ಮೂರು ದಿನ."